ಹೊಳೆಯಲ್ಲಿ ಈಸಿದವರು ಕೊರೆಯುವ ಕಡಲಿಗೆ ಇಳಿಯುವ ಮುನ್ನ

ಗಲಗಲಿಯ ಕೃಷ್ಣಾ ದಂಡೆಯಲ್ಲಿ ಬೆಳೆದವರಿಗೆ ಈಸು ಕಲಿಸಬೇಕಾಗಿಲ್ಲ. ಬೆನ್ನಿಗೆ ಖಾಲಿ ಡಬ್ಬ ಕಟ್ಟಿಸಿಕೊಂಡು ನೀರಿಗೆ ಬಿದ್ದ ಹುಡುಗ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಡಬ್ಬ ಬಿಚ್ಚಿ ಎಸೆಯುತ್ತಾನೆ. ಆಮೇಲೆ ಶುರುವಾಗುವ ಆಟ ಒಂದೇ: ಮುಳುಗಿದ ಮೇಲೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ? ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕೃಷ್ಣೆಯಲ್ಲಿ, ಮುಧೋಳದವರು ಘಟಪ್ರಭೆಯಲ್ಲಿ, ಹೊಳೆ ದೂರವಿದ್ದವರು ಹೊಲದ ಬಾವಿಯಲ್ಲಿ ಈ ಆಟ ಆಡಿಯೇ ದೊಡ್ಡವರಾಗಿದ್ದೇವೆ.

ಸಮುದ್ರದ ತಳದಲ್ಲಿ ಮಲಗಿರುವ ಹಡಗುಗಳನ್ನು ಗೆಳೆಯರ ಗುಂಪು ಕಟ್ಟಿಕೊಂಡು ನೋಡಿಬರಬೇಕು ಎಂಬ ಆಸೆ ನಿಮಗಿದ್ದರೆ, ಮೊದಲು ಮರೆಯಬೇಕಾದದ್ದು ಈ ಉಸಿರು ಹಿಡಿಯುವ ಆಟವನ್ನೇ. ಸಿಲಿಂಡರಿನ ಗಾಳಿ ಸೇದುವವನು ನೀರಿನಲ್ಲಿ ಒಂದು ಕ್ಷಣವೂ ಉಸಿರು ಕಟ್ಟಬಾರದು. ಕಾರಣ ಸರಳ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ದಂಡೆಯ ಮೇಲೆ ಎಳೆದುಕೊಂಡ ಉಸಿರು ಆಳಕ್ಕೆ ಹೋದಾಗ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಹೊಳೆಯ ಆಟದಲ್ಲಿ ಎದೆಗೆ ಅಪಾಯವಾಗದಿರುವುದು ಅದಕ್ಕೇ. 10 ಮೀಟರ್ ಆಳದಲ್ಲೇ ಸಿಲಿಂಡರಿನಿಂದ ಎದೆ ತುಂಬ ಎಳೆದ ಗಾಳಿ ಹಾಗಲ್ಲ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಒಳ್ಳೆಯ ಈಸುಗಾರನೂ ಎಚ್ಚರವಾಗಿರಬೇಕು, ಯಾಕೆಂದರೆ ಗಾಬರಿಯಾದಾಗ ಅವನ ಮೈ ತಾನಾಗಿಯೇ ಉಸಿರು ಕಟ್ಟಬಹುದು.

ಕೊನೆಯ ಊರು ಯಾವುದು?

ಗುರಿ ಮೊದಲೇ ಗೊತ್ತಿದ್ದರೆ ತಯಾರಿಗೆ ಅರ್ಥ ಬರುತ್ತದೆ. ತಣ್ಣನೆಯ ನೀರಿನ ಹಡಗುಗಳನ್ನು ನೋಡಲು ಜಗತ್ತಿನ ಡೈವಿಂಗ್ ಕ್ಲಬ್ಬುಗಳು ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋ ಮುಖ್ಯವಾದದ್ದು. ಮೊದಲ ಮಹಾಯುದ್ಧ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಅಲ್ಲಿ ತಂದು ನಿಲ್ಲಿಸಿದ್ದರು. ಹಡಗುಗಳು ಬ್ರಿಟಿಷರ ಕೈಸೇರಬಾರದೆಂದು 1919ರ ಜೂನ್ 21ರಂದು ಜರ್ಮನ್ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಸಂಕೇತ ಕೊಟ್ಟ. ನಾವಿಕರು ಹಡಗಿನ ತಳದ ಕವಾಟಗಳನ್ನು ತೆರೆದರು. ಅಂದು 52 ಹಡಗು ಮುಳುಗಿದವು. ಮುಂದೆ ಹೆಚ್ಚಿನವನ್ನು ಎತ್ತಿ ಗುಜರಿಗೆ ಹಾಕಿದರು. ಈಗ ಡೈವರ್‌ಗಳು ನೋಡುವುದು ಮುಖ್ಯವಾಗಿ ಏಳನ್ನು: ಕೋನಿಗ್, ಕ್ರೋನ್‌ಪ್ರಿನ್ಜ್ ವಿಲ್ಹೆಲ್ಮ್, ಮಾರ್ಕ್‌ಗ್ರಾಫ್ ಎಂಬ ಮೂರು ದೊಡ್ಡ ಯುದ್ಧನೌಕೆಗಳು, ಡ್ರೆಸ್ಡೆನ್, ಬ್ರುಮ್ಮರ್, ಕೋಲ್ನ್, ಕಾರ್ಲ್ಸ್‌ರೂಅ ಎಂಬ ನಾಲ್ಕು ಕ್ರೂಸರ್‌ಗಳು.

ತಣ್ಣೀರೇ ಯಾಕೆ ಎಂದು ಕೇಳಬಹುದು. ಬೆಚ್ಚನೆಯ ಕಡಲಿನಲ್ಲಿ ಮರದ ಹಡಗನ್ನು ಹಡಗುಹುಳು ತಿಂದು ಮುಗಿಸುತ್ತದೆ. ಉಪ್ಪು ಕಡಿಮೆ ಇರುವ, ತಣ್ಣಗಿನ ಬಾಲ್ಟಿಕ್ ಸಮುದ್ರದಲ್ಲಿ ಆ ಹುಳು ಬದುಕುವುದಿಲ್ಲ. ಅದಕ್ಕೇ 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗು 1961ರಲ್ಲಿ ಮೇಲೆತ್ತಿದಾಗ ಹಡಗಾಗಿಯೇ ಬಂತು.

ಮೊದಲು ಗುಂಪು, ಆಮೇಲೆ ವೈದ್ಯರು

ಸ್ಕಾಪಾದಲ್ಲಿ ವಾರಗಟ್ಟಲೆ ಬಾಡಿಗೆಗೆ ಸಿಗುವ ದೋಣಿಗಳು ಸಾಮಾನ್ಯವಾಗಿ ಹನ್ನೆರಡು ಮಂದಿಯವು. ಗುಂಪು ಕಟ್ಟುವಾಗಲೇ ಆ ಸಂಖ್ಯೆ ತಲೆಯಲ್ಲಿರಲಿ. ಹದಿನೈದು ಜನರಿಂದ ಶುರು ಮಾಡಿ. ಇಬ್ಬರು ಮೂವರು ನಡುವೆ ಕೈಬಿಡುತ್ತಾರೆ. ಖರ್ಚಿಗೆ ನಮ್ಮ ಕಡೆಯ ಭಿಸಿಯೇ ಒಳ್ಳೆಯ ದಾರಿ, ತಿಂಗಳಿಗಿಷ್ಟೆಂದು ಕೂಡಿಸುತ್ತ ಹೋಗಿ. ಎರಡು ವರ್ಷಕ್ಕಿಂತ ಮುಂಚೆ ಸ್ಕಾಪಾದ ಮಾತೆತ್ತಬೇಡಿ. ಅವಸರದಲ್ಲಿ ಕಲಿತ ಡೈವರ್ ತನಗೂ ಜೊತೆಗಾರನಿಗೂ ಭಾರ.

ವೈದ್ಯರ ತಪಾಸಣೆ ಎಲ್ಲರಿಗೂ ಆಗಲಿ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಹೀಗೆ ಯಾವುದಿದ್ದರೂ ಮುಚ್ಚಿಡಬಾರದು. ಗರ್ಭಿಣಿಯರು ಡೈವ್ ಮಾಡಬಾರದು. ನೆಗಡಿಯಿದ್ದ ದಿನ ಯಾರೂ ಇಳಿಯಬಾರದು.

ಒಂದು ಮಾತು ಒತ್ತಿ ಹೇಳುತ್ತೇನೆ. ಅಭ್ಯಾಸಕ್ಕೆಂದು ಕೃಷ್ಣೆಗೆ ಸಿಲಿಂಡರ್ ಹೊತ್ತು ಇಳಿಯಬೇಡಿ. ಕೆಸರಿನಲ್ಲಿ ಕೈ ಕಾಣುವುದಿಲ್ಲ, ಮೊಸಳೆಗಳಿವೆ, ಬ್ಯಾರೇಜಿನ ಗೇಟು ಎತ್ತಿದರೆ ಸೆಳವು ಒಮ್ಮೆಲೇ ಏರುತ್ತದೆ. ಈಸಿನ ಬಲಕ್ಕೆ ಬಾಗಲಕೋಟೆಯ ಅಥವಾ ಬೆಳಗಾವಿಯ ಈಜುಕೊಳ ಸಾಕು. 200 ಮೀಟರ್ ನಿಲ್ಲದೆ ಈಸುವುದು, ಹತ್ತು ನಿಮಿಷ ಕೈಕಾಲು ಬಡಿಯದೆ ತೇಲುವುದು: ಕೋರ್ಸಿಗೆ ಸೇರುವ ಮೊದಲು ಇವೆರಡು ಬರಲಿ. ಎರಡನೆಯದು ನಮ್ಮವರಿಗೆ ಕಷ್ಟ, ಸುಮ್ಮನೆ ತೇಲಿ ಗೊತ್ತಿಲ್ಲ.

ನೇತ್ರಾಣಿ: ಉಸಿರಿನ ಪಾಠಶಾಲೆ

ಮುಧೋಳ, ಲೋಕಾಪುರ, ಯರಗಟ್ಟಿ, ಧಾರವಾಡ ದಾಟಿ ಯಲ್ಲಾಪುರದ ಘಟ್ಟ ಇಳಿದರೆ ಕರಾವಳಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ನೇತ್ರಾಣಿ ದ್ವೀಪವಿದೆ. ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ. ದೋಣಿ ಹೊರಡುವುದು ಅಕ್ಟೋಬರ್‌ನಿಂದ ಮೇವರೆಗೆ. ಕಬ್ಬಿನ ಕಟಾವು ಮುಗಿದ ಮೇಲೇ ಬಿಡುವು ಎನ್ನುವ ರೈತರು ಏಪ್ರಿಲ್ ಆರಿಸಿಕೊಳ್ಳಬಹುದು. ದೋಣಿ ಹತ್ತುವ ಮೊದಲು ಮಿರ್ಚಿ ಭಜಿ ಬೇಡ. ಎರಡು ಇಡ್ಲಿ, ಬೇಕಾದರೆ ವಾಂತಿ ತಡೆಯುವ ಗುಳಿಗೆ.

ಮೊದಲ ದಿನ ಸುಮ್ಮನೆ ಒಂದು ಪರಿಚಯದ ಡೈವ್ ಮಾಡಿ. ಶಿಕ್ಷಕರು ಜೊತೆಗಿರುತ್ತಾರೆ, ಆಳ 12 ಮೀಟರ್ ಮೀರುವುದಿಲ್ಲ. ಬಾವಿಯ ತಳ ಮುಟ್ಟಿದವರಿಗೆ ಕಿವಿನೋವು ಗೊತ್ತೇ ಇದೆ. ಇಲ್ಲಿ ಅದನ್ನು ಸಹಿಸಬಾರದು. ಮೂಗು ಹಿಡಿದು ಮೆಲ್ಲನೆ ಊದಿ ಕಿವಿ ಬಿಡಿಸಿಕೊಳ್ಳುತ್ತ, ಮೊಳ ಮೊಳವಾಗಿ ಇಳಿಯಬೇಕು. ಕಿವಿ ಬಿಡದಿದ್ದರೆ ಒಂದಿಷ್ಟು ಮೇಲೆ ಬರಬೇಕು. ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ಇಷ್ಟವಾದವರು ಅಲ್ಲಿಯೇ ಓಪನ್ ವಾಟರ್ ಕೋರ್ಸಿಗೆ ಸೇರಲಿ. ಮೂರು-ನಾಲ್ಕು ದಿನದ ಪಾಠ. 10 ವರ್ಷ ತುಂಬಿದವರು ಕಲಿಯಬಹುದು. ದೊಡ್ಡವರಿಗೆ 18 ಮೀಟರ್‌ವರೆಗೆ ಇಳಿಯುವ ಪ್ರಮಾಣಪತ್ರ ಸಿಗುತ್ತದೆ. ಮುಂದಿನ ಅಡ್ವಾನ್ಸ್ಡ್ ಕೋರ್ಸ್ 30 ಮೀಟರ್‌ಗೆ. ಎರಡರ ನಡುವೆ ಕೆಲವು ತಿಂಗಳು ಬಿಡಿ, ಡೈವ್‌ಗಳ ಲೆಕ್ಕ ಪುಸ್ತಕದಲ್ಲಿ ಬರೆದಿಡಿ. ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರದಿರುವುದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುವುದು ಮೈಗೆ ರೂಢಿಯಾಗಬೇಕು.

ಗೋವಾ: ಮೊದಲ ಹಡಗು

ಹಡಗಿನ ಪಾಠಕ್ಕೆ ವಾಸ್ಕೋ ಬಳಿಯ ಗ್ರಾಂಡ್ ದ್ವೀಪ ನಮಗೆ ಹತ್ತಿರದ್ದು. ಸುಝೀಸ್ ರೆಕ್ ಎಂದು ಡೈವರ್‌ಗಳು ಕರೆಯುವ ಕಬ್ಬಿಣದ ಹಡಗಿನ ಅವಶೇಷ ಅಲ್ಲಿ ಹೆಚ್ಚು ಆಳವಿಲ್ಲದ ನೀರಿನಲ್ಲಿದೆ. ನೀರು ನೇತ್ರಾಣಿಯಷ್ಟು ತಿಳಿಯಾಗಿರುವುದಿಲ್ಲ. ಅದೇ ಒಳ್ಳೆಯದು ಎನ್ನುತ್ತೇನೆ, ಯಾಕೆಂದರೆ ಸ್ಕಾಪಾದ ನೀರೂ ಮಬ್ಬೇ.

ಗೋವಾದ ಕಡಲಿನಲ್ಲಿ ನಮ್ಮ ಮನೆಯದೇ ಒಂದು ಕಥೆಯಿದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ಸೇಂಟ್ ಜಾರ್ಜ್ ರೀಫ್ ಬಳಿ ಮುಳುಗಿದ ಹಡಗೊಂದನ್ನು ಶೋಧಿಸಿದಾಗ ಸಿಕ್ಕಿದ್ದು ಹೆಂಚು, ಚಿಮಣಿ ಇಟ್ಟಿಗೆ, ಸುಟ್ಟ ಮಣ್ಣಿನ ಕಂಬದ ಬೋದಿಗೆಗಳು. ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಸರಕು. ಮಿಷನ್ ಮಂಗಳೂರಿನಲ್ಲಿ ಹೆಂಚು ಸುಡಲು ಶುರುಮಾಡಿದ್ದು 1865ರಲ್ಲಿ. ನಮ್ಮ ಹಳೆಯ ಕನ್ನಡ ಶಾಲೆಗಳ ಮೇಲಿರುವ ಮಂಗಳೂರು ಹೆಂಚಿನ ಕುಲದ್ದೇ ಒಂದು ಹೇರು ಕಡಲ ತಳದಲ್ಲಿದೆ. ಕಬ್ಬಿಣ ತುಕ್ಕು ಹಿಡಿದು ಕರಗಿದರೂ ಹೆಂಚು ಹಡಗಿನ ಕಾಲ ಹೇಳುತ್ತದೆ. ಯಾರೋ ಒಬ್ಬ ಡೈವರ್ ನೆನಪಿಗೆಂದು ಆ ಒಂದು ಹೆಂಚನ್ನು ಎತ್ತಿಕೊಂಡು ಹೋಗಿದ್ದರೆ ಆ ಮಾತು ನಿಂತುಹೋಗುತ್ತಿತ್ತು. ಹಾಗಾಗಿ ನಿಯಮ ಇಷ್ಟೇ: ಏನನ್ನೂ ಎತ್ತಬೇಡಿ. ನೂರು ವರ್ಷ ದಾಟಿದ ವಸ್ತು ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಸ್ಕಾಪಾದ ಏಳು ಹಡಗುಗಳೂ ಕಾನೂನಿನ ರಕ್ಷಣೆಯಲ್ಲಿವೆ.

ಹಡಗಿನ ಒಳಗೆ ಹೋಗುವ ಮಾತು ಬೇರೆ ತರಬೇತಿಯದು. ಅದನ್ನು ಕಲಿಯುವವರೆಗೆ ಹೊರಗಿನಿಂದಲೇ ನೋಡಿ. ಕಲಿತ ಮೇಲೂ ಗಾಳಿಯನ್ನು ಮೂರು ಪಾಲು ಮಾಡಿ: ಒಂದು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು. ಹಡಗಿಗೆ ಸಿಕ್ಕಿಕೊಂಡ ಮೀನುಬಲೆ ಕತ್ತರಿಸಲು ಸೊಂಟದಲ್ಲೊಂದು ಚೂರಿ ಇರಲಿ.

ಇನ್ನು ಘಟ್ಟದವರಾದ ನಾವು ಮರೆಯಬಾರದ ಸಂಗತಿ. ಡೈವ್ ಮಾಡಿದವನ ರಕ್ತದಲ್ಲಿ ಸಾರಜನಕ ಕರಗಿಕೊಂಡಿರುತ್ತದೆ, ಅದು ಮೆಲ್ಲಗೆ ಹೊರಹೋಗಬೇಕು. ವಿಮಾನ ಹತ್ತಬಾರದು ಎಂಬ ಎಚ್ಚರಿಕೆ ಎಲ್ಲ ಕಡೆ ಸಿಗುತ್ತದೆ. ಆದರೆ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಗೇ ಗಾಡಿ ಹತ್ತಿ ಚೋರ್ಲಾ ಘಾಟ್ ಏರಿದರೆ, ಎರಡು-ಮೂರು ತಾಸಿನಲ್ಲಿ ಕಡಲಮಟ್ಟದಿಂದ ಬೆಳಗಾವಿಯ ಎತ್ತರಕ್ಕೆ, ಸುಮಾರು 750 ಮೀಟರ್ ಮೇಲೆ, ಬಂದಿರುತ್ತೇವೆ. ಗಾಳಿಯ ಒತ್ತಡ ಇಳಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ರಕ್ತದಲ್ಲಿ ಗುಳ್ಳೆ ಏಳಬಹುದು. ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಲಕ್ವ. ಆದ್ದರಿಂದ ಕೊನೆಯ ಡೈವ್ ಆದ ರಾತ್ರಿ ಕರಾವಳಿಯಲ್ಲೇ ವಸತಿ ಮಾಡಿ. ಹಲವು ದಿನ ಸತತ ಡೈವ್ ಮಾಡಿದ್ದರೆ 18 ತಾಸು ಬಿಟ್ಟು ಘಟ್ಟ ಹತ್ತಿ. ಮುರುಡೇಶ್ವರದಿಂದ ಬರುವಾಗಲೂ ಇದೇ ಲೆಕ್ಕ.

ಚಳಿಯ ಪಾಠ

ಅರಬ್ಬಿ ಸಮುದ್ರ 28 ಡಿಗ್ರಿ ಆಸುಪಾಸು. ಸ್ಕಾಪಾ ಬೇಸಿಗೆಯ ಕೊನೆಯಲ್ಲೂ 13-14 ಡಿಗ್ರಿ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆದುಕೊಳ್ಳುತ್ತದೆ. ಮುಖಕ್ಕೆ ಅಂಥ ನೀರು ತಾಗಿದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಏದುತ್ತದೆ. ಆ ಹೊತ್ತು ಮೇಲ್ಮೈಯಲ್ಲೇ ಹಗ್ಗ ಹಿಡಿದು ನಿಂತು, ಉಸಿರು ಹದಕ್ಕೆ ಬಂದ ಮೇಲೆ ಇಳಿಯಬೇಕು. ಚಳಿಯಲ್ಲಿ ಗಾಳಿ ಬೇಗ ಖರ್ಚಾಗುತ್ತದೆ, ಬೆರಳು ಮಾತು ಕೇಳುವುದಿಲ್ಲ. ನೀರು 10 ಡಿಗ್ರಿಗಿಂತ ಕೆಳಗಿದ್ದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧಾರಣ ರೆಗ್ಯುಲೇಟರ್ ಒಳಗೆ ಹಿಮಗಟ್ಟಿ ಗಾಳಿ ಒಂದೇ ಸಮನೆ ಸುರಿದುಹೋಗಬಹುದು. ತಣ್ಣೀರಿಗೆಂದೇ ಮಾಡಿದ್ದು ಬೇಕು.

ಇಲ್ಲಿ ತೊಡುವುದು ಡ್ರೈಸೂಟ್. ಕುತ್ತಿಗೆ, ಮಣಿಕಟ್ಟಿನಲ್ಲಿ ಬಿಗಿಯಾಗಿ ಮುಚ್ಚಿ ನೀರನ್ನು ಹೊರಗಿಡುವ ಅಂಗಿ; ಒಳಗೆ ದಪ್ಪ ಬೆಚ್ಚನೆಯ ಉಡುಪು. ಅದರೊಳಗಿನ ಗಾಳಿ ಕಾಲಿನ ಕಡೆ ಓಡಿದರೆ ಮನುಷ್ಯ ತಲೆಕೆಳಗಾಗಿ ಮೇಲೆ ತೇಲಿಬಿಡುತ್ತಾನೆ. ಇದನ್ನು ಹತೋಟಿಗೆ ತರಲು ಕಡಿಮೆಯೆಂದರೂ ಹತ್ತು ಡೈವ್ ಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಬಿಸಿ ಕಡಲಿನಲ್ಲಿ ಇದನ್ನು ಕಲಿಯಲಾಗದು. ಇಂಗ್ಲೆಂಡಿಗೆ ಒಂದು ವಾರ ಮೊದಲೇ ಹೋಗಿ ಲೆಸ್ಟರ್‌ಶೈರಿನ ಸ್ಟೋನಿ ಕೋವ್‌ನಲ್ಲಿ ಕಲಿಯಿರಿ. ಅದು ನೀರು ತುಂಬಿದ ಹಳೆಯ ಕಲ್ಲುಗಣಿ. ಕಲಿಯುವವರಿಗೆಂದೇ ಅದರಲ್ಲಿ ಹಡಗು ಮುಳುಗಿಸಿಟ್ಟಿದ್ದಾರೆ.

ಸ್ಕಾಪಾದ ವಾರ

ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಿಸಿ. ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕ್ರಾಬ್‌ಸ್ಟರ್‌ನಿಂದ ಸ್ಟ್ರೋಮ್‌ನೆಸ್‌ಗೆ ಹಡಗಿನಲ್ಲಿ ಒಂದೂವರೆ ತಾಸು. ಡೈವ್ ದೋಣಿಗಳು ಹೊರಡುವುದೂ ಅಲ್ಲಿಂದಲೇ. ದಿನಕ್ಕೆ ಎರಡು ಡೈವ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿರಲಿ. ಚಳಿ ಹಸಿವು ಹೆಚ್ಚಿಸುತ್ತದೆ, ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ.

ಮೊದಲು ಕಾರ್ಲ್ಸ್‌ರೂಅ, ಅದರ ತಳ ಸುಮಾರು 25 ಮೀಟರ್‌ನಲ್ಲಿದೆ. ಉಳಿದ ಕ್ರೂಸರ್‌ಗಳು 35ರ ಆಸುಪಾಸಿನಲ್ಲಿ ಪಕ್ಕಕ್ಕೆ ಒರಗಿವೆ. 30 ಮೀಟರ್ ಪ್ರಮಾಣಪತ್ರದವರು ಅವುಗಳ ಮೇಲ್ಭಾಗ ನೋಡಿ ತಿರುಗಬೇಕು. ಮೂರು ದೊಡ್ಡ ನೌಕೆಗಳು ಫಿರಂಗಿಯ ಭಾರಕ್ಕೆ ಬೋರಲು ಬಿದ್ದಿವೆ, ತಳ 40 ಮೀಟರ್ ಆಸುಪಾಸಿನಲ್ಲಿದೆ. ಆಳದ ತರಬೇತಿ ಇಲ್ಲದವರು ಅವನ್ನು ಮುಂದಿನ ಪ್ರವಾಸಕ್ಕೆ ಬಿಡಲಿ.

ಒಂದು ಹಡಗಿನ ಹತ್ತಿರವಂತೂ ಅನುಮತಿಯಿಲ್ಲದೆ ಯಾರೂ ಇಳಿಯುವಂತಿಲ್ಲ. 1939ರ ಅಕ್ಟೋಬರ್ 14ರಂದು ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿದ ಬ್ರಿಟನ್ನಿನ ರಾಯಲ್ ಓಕ್ ಅದು. 800ಕ್ಕೂ ಹೆಚ್ಚು ಜನ ಅದರೊಂದಿಗೆ ಹೋದರು. ಅದನ್ನು ಯುದ್ಧಸಮಾಧಿ ಎಂದು ಬಿಟ್ಟಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಬಂದವರ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆ ಬಾಗಲಕೋಟೆಯವರಿಗೆ ನೀರಿನಡಿ ಇರುವುದು ಬರೀ ಕಲ್ಲುಮಣ್ಣಲ್ಲ, ಅಡಿಗೆಮನೆ, ಜಗಲಿ, ತುಳಸಿಕಟ್ಟೆ.

ಹಿಂದಿರುಗುವ ವಿಮಾನಕ್ಕೆ ಮೊದಲು ಒಂದು ಪೂರ್ತಿ ದಿನ ನೀರಿಗಿಳಿಯದೆ ಉಳಿಯಬೇಕಲ್ಲ, ಆ ದಿನ ಕರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಚರ್ಚಿಗೆ ಹೋಗಿ. ರಾಯಲ್ ಓಕ್‌ನ ಗಂಟೆ ಅಲ್ಲಿ ತೂಗಿದೆ.