ಹಸಿವಿನ ತಿಂಗಳುಗಳಲ್ಲಿ ನೆರೆಹೊರೆಯ ಬಂಧ

ಪ್ರವಾದಿ(ಸ)ರು ಒಮ್ಮೆ ಮುಸ್ಲಿಮ್ ಮಹಿಳೆಯರನ್ನೇ ಕರೆದು ಒಂದು ಉಪದೇಶ ನೀಡಿದ್ದರು. ನೆರೆಯಾಕೆ ಕಳುಹಿಸಿದ ಕೊಡುಗೆ ಆಡಿನ ಗೊರಸೇ ಆಗಿದ್ದರೂ ಅದನ್ನು ಕೀಳಾಗಿ ಕಾಣಬಾರದು ಎಂಬುದು ಅದರ ಸಾರ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ವಿದ್ವಾಂಸರು ಇದಕ್ಕೆ ಎರಡು ಮುಖಗಳಿವೆಯೆಂದು ವಿವರಿಸಿದ್ದಾರೆ. ಪಡೆಯುವವಳು ಅದನ್ನು ತುಚ್ಛವೆಂದು ಭಾವಿಸಬಾರದು ಎಂಬುದು ಒಂದು. ಕೊಡುವವಳು "ಇಷ್ಟು ಅಲ್ಪವನ್ನು ಕಳುಹಿಸುವುದು ಹೇಗೆ?" ಎಂದು ನಾಚಿ ಸುಮ್ಮನಾಗಬಾರದು ಎಂಬುದು ಇನ್ನೊಂದು.

ಈ ಮಾತನ್ನು ವಿಶೇಷವಾಗಿ ಮಹಿಳೆಯರಿಗೇ ಏಕೆ ಹೇಳಲಾಯಿತು? ಮನೆಯ ಕಣಜದಲ್ಲಿ ಎಷ್ಟು ಉಳಿದಿದೆ, ನೆರೆಮನೆಯ ಒಲೆ ಇಂದು ಹೊತ್ತಿದೆಯೇ ಇಲ್ಲವೇ ಎಂಬುದು ಮೊದಲು ತಿಳಿಯುವುದು ಅವರಿಗೇ. ಹಸಿವು ಮನೆಯೊಳಗೆ ಕಾಲಿಡುವಾಗ ಬಾಗಿಲಲ್ಲಿ ಅದನ್ನು ಎದುರಿಸುವವರೂ ಅವರೇ. ಈ ಉಪದೇಶದ ಅರ್ಥವನ್ನು ಬದುಕಿನಲ್ಲಿ ನೋಡಬೇಕಾದರೆ ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ದೇಶದತ್ತ ಕಣ್ಣು ಹಾಯಿಸಬೇಕು. ಅದು ಗ್ಯಾಂಬಿಯಾ.

ಹಸಿವಿಗೂ ಒಂದು ಕಾಲವಿದೆ

ಗ್ಯಾಂಬಿಯಾ ಆಫ್ರಿಕಾದ ಮುಖ್ಯ ಭೂಭಾಗದ ಅತಿ ಚಿಕ್ಕ ದೇಶ. ಗ್ಯಾಂಬಿಯಾ ನದಿಯ ಎರಡೂ ದಡಗಳಲ್ಲಿ ಉದ್ದಕ್ಕೆ ಹಬ್ಬಿರುವ ಈ ನಾಡನ್ನು ಕಡಲ ಭಾಗವೊಂದನ್ನು ಬಿಟ್ಟು ಸುತ್ತಲೂ ಸೆನೆಗಲ್ ಆವರಿಸಿದೆ. 1965ರಲ್ಲಿ ಅದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅಲ್ಲಿನ ಜನರಲ್ಲಿ ಬಹುಪಾಲು ಮುಸ್ಲಿಮರು. ಅಲ್ಲಿನ ಬೇಸಾಯದಲ್ಲಿ ಹಿಂದಿನಿಂದಲೂ ಒಂದು ವಿಭಜನೆಯಿದೆ. ಎತ್ತರದ ಒಣಭೂಮಿಯಲ್ಲಿ ಗಂಡಸರು ನೆಲಗಡಲೆ, ಸಜ್ಜೆ, ಜೋಳ ಬೆಳೆಯುತ್ತಾರೆ. ನದಿಯಂಚಿನ ಜೌಗು ನೆಲದಲ್ಲಿ ಹೆಂಗಸರು ಭತ್ತ ಬೆಳೆಯುತ್ತಾರೆ. ನೆಲಗಡಲೆ ಮಾರಾಟಕ್ಕೆ ಹೋಗುತ್ತದೆ, ಭತ್ತ ಮನೆಯ ತಟ್ಟೆಗೆ ಬರುತ್ತದೆ.

ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಸುಮಾರಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಹಿಂದಿನ ಸುಗ್ಗಿಯ ಧಾನ್ಯ ತೀರುವುದೂ ಉಳುಮೆ, ನಾಟಿ, ಕಳೆ ಕೀಳುವ ಕೆಲಸಗಳು ಒಮ್ಮೆಲೇ ಮೈಮೇಲೆ ಬೀಳುವುದೂ ಇದೇ ತಿಂಗಳುಗಳಲ್ಲಿ. ಹೊಟ್ಟೆಗೆ ಕಡಿಮೆ, ಮೈಗೆ ಹೆಚ್ಚು ಕೆಲಸ. ಜೊತೆಗೆ ಮಳೆಗಾಲದ ಮಲೇರಿಯಾ. ಇದನ್ನೇ ಅಲ್ಲಿ ಹಸಿವಿನ ಕಾಲವೆಂದು ಕರೆಯುತ್ತಾರೆ. ಅಂದರೆ ಇದು ಎಂದೋ ಒಮ್ಮೆ ಬರುವ ಕ್ಷಾಮವಲ್ಲ. ಕ್ಯಾಲೆಂಡರಿನ ತಿಂಗಳಂತೆ ವರ್ಷವರ್ಷವೂ ತಪ್ಪದೆ ಬರುವ ಅತಿಥಿ.

ಈ ಅತಿಥಿ ಮನೆಯಿಂದ ಏನನ್ನು ಕೊಂಡೊಯ್ಯುತ್ತಾನೆ? ಕೆನೆಬಾ ಎಂಬ ಹಳ್ಳಿಯಲ್ಲೂ ಅದರ ನೆರೆಯ ಹಳ್ಳಿಗಳಲ್ಲೂ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ವೈದ್ಯರು 1940ರ ದಶಕದ ಕೊನೆಯಿಂದಲೇ ಜನನ ಮರಣಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ಹಸಿವಿನ ಕಾಲದಲ್ಲಿ ಹುಟ್ಟುವ ಶಿಶುಗಳ ತೂಕ ಕಡಿಮೆಯೆಂಬುದು ಆ ದಾಖಲೆಗಳಿಂದ ಸ್ಪಷ್ಟವಾಯಿತು. 1997ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕಳವಳಕಾರಿ ವಿಷಯವನ್ನು ತಿಳಿಸಿತು. ಆ ತಿಂಗಳುಗಳಲ್ಲಿ ಹುಟ್ಟಿದವರು ಬೆಳೆದು ತರುಣರಾದ ಮೇಲೂ ಅಕಾಲ ಮರಣಕ್ಕೆ ತುತ್ತಾಗುವ ಸಂಭವ, ಸುಗ್ಗಿಯ ನಂತರ ಹುಟ್ಟಿದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗ ತಟ್ಟಿದ ಹಸಿವು ಇಪ್ಪತ್ತೈದು ವರ್ಷಗಳ ನಂತರವೂ ಲೆಕ್ಕ ಕೇಳುತ್ತದೆ ಎಂದಾಯಿತು. ಆದುದರಿಂದ ಗರ್ಭಿಣಿಯ ಮನೆಗೆ ನೆರೆಯಾಕೆ ಕಳುಹಿಸುವ ಒಂದು ಬಟ್ಟಲು ಗಂಜಿಯನ್ನು ಯಾರೂ ಸಣ್ಣ ವಿಷಯವೆಂದು ತಿಳಿಯಬಾರದು.

ಕೈಗಳು ಕೂಡುವ ಬಗೆ

ಇಂತಹ ಕಾಲವನ್ನು ಈ ಮಹಿಳೆಯರು ಹೇಗೆ ದಾಟುತ್ತಾರೆ? ಅವರ ಕೈಯಲ್ಲಿ ಹಣವಿಲ್ಲ. ಬ್ಯಾಂಕಿನ ಪರಿಚಯ ಅನೇಕರಿಗಿಲ್ಲ. ಅವರಿಗಿರುವ ಬಂಡವಾಳವೆಂದರೆ ಪರಸ್ಪರ ಸಂಬಂಧ.

ಮಂಡಿಂಕಾ ಭಾಷೆಯನ್ನಾಡುವ ಹಳ್ಳಿಗಳಲ್ಲಿ 'ಕಾಫೊ' ಎಂಬ ಕೂಟಗಳಿವೆ. ಹೆಚ್ಚುಕಡಿಮೆ ಒಂದೇ ವಯಸ್ಸಿನವರು ಸೇರಿ ಕಟ್ಟಿಕೊಂಡ ಗುಂಪು ಇದು. ಸದಸ್ಯೆಯೊಬ್ಬಳ ಗದ್ದೆಯಲ್ಲಿ ಕಳೆ ಹೆಚ್ಚಾದರೆ ಗುಂಪೇ ಹೋಗಿ ಕೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂದು ಕರೆಯುವ ಪದ್ಧತಿಗೆ ಇದು ಹತ್ತಿರದ್ದು. ಹೆರಿಗೆಯಾದವಳ, ಕಾಯಿಲೆ ಬಿದ್ದವಳ ಭತ್ತ ಗದ್ದೆಯಲ್ಲೇ ಹಾಳಾಗದಂತೆ ಕಾಪಾಡಲು ಇದಕ್ಕಿಂತ ಉತ್ತಮ ವಿಮೆ ಯಾವುದಿದೆ? ಇದೇ ಗುಂಪು ಇತರರ ಹೊಲಗಳಲ್ಲಿ ಕೂಲಿಗೆ ದುಡಿದು ಆ ಹಣವನ್ನು ಸಾಮೂಹಿಕ ನಿಧಿಗೆ ಸೇರಿಸುವುದೂ ಉಂಟು.

ಹಣದ ಮಟ್ಟಿಗೆ 'ಒಸುಸು' ಇದೆ. ಪ್ರತಿಯೊಬ್ಬಳೂ ನಿಗದಿತ ದಿನ ನಿಗದಿತ ಮೊತ್ತ ಹಾಕುತ್ತಾಳೆ, ಸರದಿಯಂತೆ ಒಬ್ಬೊಬ್ಬಳು ಒಟ್ಟು ಹಣ ಪಡೆಯುತ್ತಾಳೆ. ನಮ್ಮಲ್ಲಿ ಬಡ್ಡಿಯಿಲ್ಲದೆ, ಹರಾಜಿಲ್ಲದೆ ನಡೆಸುವ ಸರದಿ ಚೀಟಿಯಂತೆಯೇ. ಒಟ್ಟಿಗೆ ಬರುವ ಆ ಹಣ ಬೀಜಕ್ಕೋ ಒಂದು ಮೂಟೆ ಅಕ್ಕಿಗೋ ಆಗುತ್ತದೆ. ಭತ್ತದ ಬೀಜವೂ ಹೆಂಗಸರಿಂದ ಹೆಂಗಸರಿಗೆ ಕೈ ಬದಲಾಗುತ್ತದೆ. ಬೇಗ ಮಾಗುವ ತಳಿ ಯಾವುದು, ತಗ್ಗಿನಲ್ಲಿ ನೀರು ನಿಂತರೂ ತಾಳುವುದು ಯಾವುದು ಎಂಬ ತಿಳುವಳಿಕೆ ಆ ಬೀಜದ ಜೊತೆಯಲ್ಲೇ ಸಾಗುತ್ತದೆ. ಒಣ ತಿಂಗಳುಗಳಲ್ಲಿ ಮಹಿಳೆಯರ ಗುಂಪುಗಳು ಬೇಲಿ ಹಾಕಿದ ತೋಟಗಳಲ್ಲಿ ಬಾವಿಯಿಂದ ನೀರು ಸೇದಿ ಈರುಳ್ಳಿ, ಟೊಮೆಟೊ, ಬದನೆ ಬೆಳೆದು ವಾರದ ಸಂತೆಗೆ ಕೊಂಡೊಯ್ಯುತ್ತವೆ.

ಬಂಧುತ್ವದ ಬೆಲೆಯನ್ನು ತೋರಿಸುವ ಇನ್ನೊಂದು ಅಧ್ಯಯನವೂ ಇದೆ. 1950ರಿಂದ 1974ರವರೆಗಿನ ಗ್ಯಾಂಬಿಯಾ ಹಳ್ಳಿಗಳ ದಾಖಲೆಗಳನ್ನು ಪರಿಶೀಲಿಸಿ 2000 ಮತ್ತು 2002ರಲ್ಲಿ ಪ್ರಕಟವಾದ ಲೇಖನಗಳ ಪ್ರಕಾರ, ತಾಯಿಯ ತಾಯಿ ಬದುಕಿದ್ದ ಮಕ್ಕಳು, ಅಕ್ಕಂದಿರಿದ್ದ ಮಕ್ಕಳು ಉಳಿದುಕೊಳ್ಳುವ ಸಂಭವ ಹೆಚ್ಚಾಗಿತ್ತು. ತಾಯಿ ಗದ್ದೆಗೆ ಹೋದಾಗ ಮೊಲೆ ಬಿಟ್ಟ ಮಗುವಿಗೆ ತುತ್ತು ಉಣಿಸುವ ಅಜ್ಜಿ, ಕಂಕುಳಲ್ಲಿ ಎತ್ತಿಕೊಳ್ಳುವ ಅಕ್ಕ ಎಂದರೆ ಕೇವಲ ಪ್ರೀತಿಯ ಮಾತಲ್ಲ, ಅದು ಜೀವ ಉಳಿಸುವ ಸಂಗತಿ. ರಕ್ತಸಂಬಂಧವನ್ನು ಜೋಡಿಸಿಕೊಂಡಿರಬೇಕೆಂದು ದೀನ್ ಇಷ್ಟು ಒತ್ತಿ ಹೇಳಿರುವುದರ ಹಿಂದಿನ ಹಿತ ಇಂತಹ ಕಡೆ ಕಣ್ಣಿಗೆ ಕಾಣುತ್ತದೆ.

ಅಶ್‌ಅರೀ ಕುಲದವರ ಮಾದರಿ

ಯಮನ್‌ನಿಂದ ಬಂದ ಅಶ್‌ಅರೀ ಕುಲದವರನ್ನು ಪ್ರವಾದಿ(ಸ)ರು ಮೆಚ್ಚಿ ನುಡಿದ ಸಂದರ್ಭವನ್ನು ಅಬೂಮೂಸಾ(ರ) ವರದಿ ಮಾಡಿದ್ದಾರೆ. ಯುದ್ಧಯಾತ್ರೆಯಲ್ಲಿ ಬುತ್ತಿ ತೀರುತ್ತ ಬಂದಾಗ ಅಥವಾ ಮದೀನಾದಲ್ಲಿ ಮನೆಮಂದಿಯ ಆಹಾರ ಕಡಿಮೆಯಾದಾಗ ಅವರು ಎಲ್ಲರಲ್ಲಿದ್ದುದನ್ನೂ ಒಂದು ಬಟ್ಟೆಯಲ್ಲಿ ಸುರಿದು, ಒಂದೇ ಅಳತೆಯ ಪಾತ್ರೆಯಿಂದ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ತನ್ನವರು, ತಾನು ಅವರವನು ಎಂದು ಪ್ರವಾದಿ(ಸ)ರು ಹೇಳಿದರು. ಇದಕ್ಕಿಂತ ದೊಡ್ಡ ಪ್ರಶಂಸೆ ಇನ್ನಾವುದಿದ್ದೀತು?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ತೀರಿದ ಮೇಲೆ ಸೇರಿಸಿದವರಲ್ಲ, ಕಡಿಮೆಯಾಗತೊಡಗಿದಾಗಲೇ ಸೇರಿಸಿದರು. ಹಂಚುವಾಗ ಯಾರು ಎಷ್ಟು ತಂದರೆಂದು ನೋಡಲಿಲ್ಲ. ಕೊಟ್ಟವರು, ಪಡೆದವರು ಎಂಬ ಎರಡು ಪಂಗಡಗಳೇ ಉಳಿಯಲಿಲ್ಲ. ಆದುದರಿಂದ ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲ.

ಇದಕ್ಕೆ ವಿರುದ್ಧವಾದ ಗುಣವನ್ನು ಸೂರಃ ಅಲ್ ಮಾಊನ್ ಖಂಡಿಸುತ್ತದೆ. ದಿನಬಳಕೆಯ ಸಣ್ಣಪುಟ್ಟ ವಸ್ತುಗಳನ್ನೂ ನೆರೆಯವರಿಗೆ ಕೊಡಲೊಪ್ಪದವರನ್ನು ಅದು ತೋರಿಕೆಗಾಗಿ ನಮಾಝ್ ಮಾಡುವವರ ಸಾಲಿನಲ್ಲೇ ನಿಲ್ಲಿಸಿದೆ. ಒಂದು ಹಿಡಿ ಉಪ್ಪು, ಒಂದು ಕುಡುಗೋಲು, ಒಂದು ಬಿಂದಿಗೆ ನೀರು ಆರಾಧನೆಯ ಪ್ರಶ್ನೆಯಾಗುವುದು ಹೀಗೆ.

ಪರಸ್ಪರ ನೆರವು ಹಕ್ಕಿಗೆ ಬದಲಲ್ಲ

ಇಷ್ಟನ್ನು ಓದಿ "ಬಡವರು ಹೇಗೋ ಒಬ್ಬರಿಗೊಬ್ಬರು ಆಗುತ್ತಾರೆ, ನಮಗೇನು ಕೆಲಸ?" ಎಂದು ಯಾರಾದರೂ ನಿರಾಳವಾಗಿ ಕುಳಿತರೆ ಅದು ದೊಡ್ಡ ತಪ್ಪು. ಒಂದು ಮನೆ ಹಸಿದಾಗ ಹತ್ತು ಮನೆಗಳು ನೆರವಾಗಬಲ್ಲವು. ಹತ್ತು ಮನೆಗಳೂ ಒಟ್ಟಿಗೆ ಹಸಿದರೆ ಯಾರು ಯಾರಿಗೆ ಕೊಡಬೇಕು? ಮಳೆ ಕೈಕೊಟ್ಟರೆ ಇಡೀ ಊರಿಗೆ ಕೈಕೊಡುತ್ತದೆ. ಸಮುದ್ರದ ಉಪ್ಪುನೀರು ನದಿಯಲ್ಲಿ ಮೇಲಕ್ಕೆ ನುಗ್ಗಿ ಗ್ಯಾಂಬಿಯಾದ ಕೆಳಭಾಗದ ಎಷ್ಟೋ ಭತ್ತದ ಗದ್ದೆಗಳು ಪಾಳು ಬಿದ್ದಿವೆ. ಒಬ್ಬಳ ಗದ್ದೆಗೆ ಬಂದ ಉಪ್ಪು ನೆರೆಯಾಕೆಯ ಗದ್ದೆಯನ್ನು ಬಿಟ್ಟಿಲ್ಲ.

ಇನ್ನೊಂದು ಪಾಠ ಜಾಹಾಲಿ ಪಾಚಾರ್‌ನದು. ನದಿಯ ಮಧ್ಯಭಾಗದ ಈ ಜೌಗು ಪ್ರದೇಶದಲ್ಲಿ 1984ರಲ್ಲಿ ವಿದೇಶೀ ನೆರವಿನಿಂದ ಸುಮಾರು 1,500 ಹೆಕ್ಟೇರಿನ ನೀರಾವರಿ ಭತ್ತದ ಯೋಜನೆ ಬಂತು. ವರ್ಷಕ್ಕೆ ಎರಡು ಬೆಳೆ, ಹೊಸ ತಳಿ, ಕಾಲುವೆ. ಅಲ್ಲಿ ಮೊದಲಿನಿಂದಲೂ ಭತ್ತ ಬೆಳೆಯುತ್ತಿದ್ದವರು ಹೆಂಗಸರು. ಆದರೆ ನೆಲವನ್ನು ಹಂಚುವಾಗ ಮೊದಲು ಅದು ಹೋದುದು ಗಂಡಸರ ಹೆಸರಿಗೆ. ಪ್ರತಿಭಟನೆಯ ನಂತರ ಕಾಗದದಲ್ಲಿ ಹೆಂಗಸರ ಹೆಸರು ಬಂತು, ಆದರೆ ಹಿಡಿತ ಬರಲಿಲ್ಲ. ಮಂಡಿಂಕಾ ರೂಢಿಯಲ್ಲಿ ಇಡೀ ಕುಟುಂಬದ ಹೊಲಕ್ಕೆ 'ಮರುವೊ' ಎಂದೂ, ದುಡಿದವರಿಗೇ ಫಲ ಸೇರುವ ಸ್ವಂತ ತುಂಡಿಗೆ 'ಕಮಣ್ಯಾಂಗೊ' ಎಂದೂ ಹೆಸರು. ಹೆಂಗಸರ ಸ್ವಂತ ತುಂಡುಗಳು ಕುಟುಂಬದ ಹೊಲವೆಂಬ ಹೆಸರಿನಲ್ಲಿ ಯಜಮಾನನ ಕೈಸೇರಿದವು. ಎರಡು ಬೆಳೆಯ ದುಡಿಮೆ ಹೆಂಗಸರ ಪಾಲಿಗೆ, ಮಾರಾಟದ ಹಣ ಇನ್ನೊಬ್ಬರ ಪಾಲಿಗೆ.

ಆಗ ಅನೇಕ ಮಹಿಳೆಯರು ತಮ್ಮ ದುಡಿಮೆಗೆ ಭತ್ತದಲ್ಲಿ ಪಾಲು ಕೇಳಿದರು. ಅದು ಸಿಗದ ಕಡೆ ಮನೆಯ ಹೊಲದ ಕೆಲಸದಿಂದ ಹಿಂದೆ ಸರಿದು, ಗುಂಪು ಕಟ್ಟಿ ಇತರರ ಗದ್ದೆಗಳಲ್ಲಿ ನಾಟಿ, ಕೊಯ್ಲಿನ ಕೂಲಿಗೆ ಹೋದರು. ಕಳೆ ಕೀಳುವ ಕೂಟವೇ ಕೂಲಿಯ ದರ ಮಾತನಾಡುವ ಕೂಟವಾಯಿತು. ಆ ಮಹಿಳೆಯರು ಕೇಳಿದ್ದು ದಾನವನ್ನಲ್ಲ, ತಮ್ಮ ಗಳಿಕೆಯನ್ನು. ಪುರುಷರಿಗೆ ಅವರ ಸಂಪಾದನೆಯಲ್ಲಿ ಪಾಲಿರುವಂತೆ ಸ್ತ್ರೀಯರಿಗೂ ಅವರ ಸಂಪಾದನೆಯಲ್ಲಿ ಪಾಲಿದೆಯೆಂದು ಸೂರಃ ಅನ್ನಿಸಾ ಸಾರಿರುವುದನ್ನು ಬಲ್ಲ ನಾವು ಈ ಬೇಡಿಕೆಯನ್ನು ಹೊಸದೆಂದು ತಿಳಿಯಲು ಸಾಧ್ಯವೇ?

ನಾವು ಮಾಡಬಹುದಾದುದು

ಪ್ರಿಯ ಓದುಗರೇ, ದೂರದ ದೇಶದ ಈ ಕಥೆ ನಮಗೇಕೆ ಎಂದು ಕೇಳಬೇಡಿ. ನಮ್ಮ ರಾಜ್ಯದ ಬೀದರ್ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸುತ್ತಲ ಹಳ್ಳಿಗಳಲ್ಲೂ ಇಂತಹದೇ ಪ್ರಯತ್ನ ನಡೆದಿದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು, ಅವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು, 1990ರ ದಶಕದಲ್ಲಿ ಪಾಳು ಹೊಲಗಳನ್ನು ಊಳಲು ರೈತರಿಗೆ ಸಾಲ ಕೊಡಿಸಿದವು. ಸಾಲವನ್ನು ಜೋಳದ ರೂಪದಲ್ಲಿ ಮರಳಿ ಪಡೆದು ಊರಿನಲ್ಲೇ ಶೇಖರಿಸಿ, ಕೆಲಸ ಕೂಲಿ ಇಲ್ಲದ ತಿಂಗಳುಗಳಲ್ಲಿ ಕಡು ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟವು. ಯಾರ ಮನೆ ಎಷ್ಟು ಬಡವೆಂದು ಊರವರೇ ಕುಳಿತು ನಿರ್ಧರಿಸಿದರು. ಸುಭಿಕ್ಷದ ವರ್ಷಗಳಲ್ಲಿ ಕಾದಿಟ್ಟು ಬರಗಾಲದಲ್ಲಿ ಹಂಚಿದ ಯೂಸುಫ್(ಅ)ರ ವಿವೇಕ ಒಂದು ಹಳ್ಳಿಯ ಅಳತೆಗೂ ಹೊಂದುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಕೆಲವು ಮಾತುಗಳನ್ನು ಮನದಲ್ಲಿಡೋಣ.

ಒಂದು: ಬೆಳೆಯ ಝಕಾತನ್ನು ಸುಗ್ಗಿಯಲ್ಲೇ ಕೊಡಬೇಕು. ಮಳೆಯಿಂದ ಬೆಳೆದುದರಲ್ಲಿ ಹತ್ತರಲ್ಲೊಂದು, ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು. ಪಡೆದ ಬಡ ಕುಟುಂಬ ಅದರಲ್ಲಿ ಸ್ವಲ್ಪವನ್ನು ಮುಂದಿನ ಮಳೆಗಾಲಕ್ಕೆ ಕಾದಿಡುವಷ್ಟಾದರೂ ಅದು ಇರಲಿ.

ಎರಡು: ಊರಿನ ಜಮಾಅತ್ ಕಮಿಟಿಗಳಲ್ಲಿ ಯಾರ ಮನೆಗೆ ನೆರವು ಬೇಕೆಂಬ ಪಟ್ಟಿಯನ್ನು ಗಂಡಸರಷ್ಟೇ ಬರೆದರೆ ಅದು ಅಪೂರ್ಣ. ಅಡುಗೆ ಮನೆಯ ಸ್ಥಿತಿ ಬಲ್ಲ ಮಹಿಳೆಯರನ್ನು ಕೇಳಬೇಕು.

ಮೂರು: ನೆರವು ಗುಟ್ಟಾಗಿರಲಿ, ಸಾಧ್ಯವಾದರೆ ಕರ್ಝೆ ಹಸನಃದ ರೂಪದಲ್ಲಿರಲಿ. ಪಡೆದವರ ಮಾನ ಉಳಿದರೆ ಮಾತ್ರ ಬಂಧ ಉಳಿಯುತ್ತದೆ.

ನಾಲ್ಕು: ಹೆಣ್ಣುಮಕ್ಕಳ ಪಿತ್ರಾರ್ಜಿತ ಪಾಲನ್ನು ಮೊದಲು ಅವರಿಗೆ ಒಪ್ಪಿಸಿ, ಆಮೇಲೆ ಅವರಿಗೆ ಸದಕಾ ಕೊಡುವ ಮಾತಾಡೋಣ. ಹಕ್ಕನ್ನು ತಡೆಹಿಡಿದು ದಾನ ಕೊಡುವುದು ಒಂದು ಕೈಯಿಂದ ಕಿತ್ತು ಇನ್ನೊಂದು ಕೈಯಿಂದ ಹರಕು ಬಟ್ಟೆ ಹೊದಿಸಿದಂತೆ.

ಐದು: ನೆರವು ಜಾತಿ ಮತ ಕೇಳದಿರಲಿ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಅಬೂದರ್ರ್(ರ)ರಿಗೆ ಉಪದೇಶಿಸಿದಾಗ ಪ್ರವಾದಿ(ಸ)ರು ನೆರೆಯವರು ಯಾರೆಂದು ವಿಂಗಡಿಸಿರಲಿಲ್ಲ.

ನಾಳೆ ಪರಲೋಕದಲ್ಲಿ ನಮ್ಮ ನಮಾಝ್ ಉಪವಾಸಗಳ ಜೊತೆಗೆ ನಮ್ಮ ನೆರೆಹೊರೆಯ ಒಲೆಗಳ ಬಗ್ಗೆಯೂ ವಿಚಾರಣೆಯಿದೆ. ಅದಕ್ಕೆ ಉತ್ತರವನ್ನು ಈ ಮಳೆಗಾಲ ಬರುವ ಮುನ್ನವೇ ಸಿದ್ಧಪಡಿಸಿಕೊಳ್ಳಲು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹ ನೀಡಲಿ. ಆಮೀನ್.