ಸಿಗ್ನಲ್ ಇಲ್ಲವೆಂದು ಮೊದಲೇ ತಾರಸಿ ಹತ್ತಬೇಡಿ

ಡಿಶ್ ಕೂರಿಸಿದ್ದಾಯಿತು, ಕೇಬಲ್ ಎಳೆದದ್ದಾಯಿತು, ಟಿವಿಯಲ್ಲಿ ಮಾತ್ರ ‘ನೋ ಸಿಗ್ನಲ್’. ಇಂಥ ಹೊತ್ತಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ: ಸ್ಪ್ಯಾನರ್ ಹಿಡಿದು ತಾರಸಿಗೆ ಓಡುವುದು. ನಾನೂ ಓಡಿದವನೇ. ಹೈದರಾಬಾದಿನ ಕಾಚಿಗುಡದ ಮನೆಯ ತಾರಸಿಯಲ್ಲಿ ಒಂದಿಡೀ ಭಾನುವಾರ ಡಿಶ್ಶನ್ನು ಅತ್ತ ಇತ್ತ ತಿರುಗಿಸಿದೆ. ಸಂಜೆ ನೋಡಿದರೆ ತಪ್ಪಿದ್ದದ್ದು ಕೆಳಗೆ ಬಾಕ್ಸಿನ ಹಿಂದೆ, ಕೂದಲೆಳೆಯಂಥ ಒಂದು ತಂತಿಯಲ್ಲಿ. ಅಂದಿನಿಂದ ನನ್ನ ಕ್ರಮ ತಿರುವುಮುರುವು: ಮೊದಲು ಬಾಕ್ಸು, ಆಮೇಲೆ ಕೇಬಲ್ಲು, ಕಟ್ಟಕಡೆಗೆ ಡಿಶ್ಶು.

ನಾನಿಲ್ಲಿ ಹೇಳುತ್ತಿರುವುದು ದೂರದರ್ಶನದ ಡಿಡಿ ಫ್ರೀ ಡಿಶ್ ವಿಷಯ. ತಿಂಗಳ ಹಣ ಕಟ್ಟಬೇಕಿಲ್ಲ, ಹೈದರಾಬಾದಿನಲ್ಲಿ ಕೂತು ಚಂದನ ನೋಡಬಹುದು. ಸಾಮಾನು ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುತ್ತದೆ. ‘ಛತ್ರಿ’ ಎಂದು ಕೇಳಿದರೂ ಕೊಡುತ್ತಾರೆ.

ಹಂತ 1: ಎರಡು ಪಟ್ಟಿಗಳನ್ನು ಓದಿ

ರಿಮೋಟಿನಲ್ಲಿ ಮೆನು ಒತ್ತಿ ಇನ್‌ಸ್ಟಾಲೇಶನ್ ಪುಟಕ್ಕೆ ಹೋಗಿ. ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂಬ ಎರಡು ಪಟ್ಟಿಗಳಿರುತ್ತವೆ. ಹೊಸಬರು ಸ್ಟ್ರೆಂತ್ ನೋಡಿ ಹಿಗ್ಗುತ್ತಾರೆ. ಅದು ಹೇಳುವುದು ಇಷ್ಟೇ: ಬಾಕ್ಸಿನಿಂದ ಎಲ್‌ಎನ್‌ಬಿವರೆಗೆ, ಅಂದರೆ ಡಿಶ್ಶಿನ ಕೈಯ ತುದಿಯಲ್ಲಿರುವ ಆ ಮೂತಿಯವರೆಗೆ, ದಾರಿ ಜೀವಂತವಾಗಿದೆ. ಉಪಗ್ರಹದ ಸುದ್ದಿ ಹೇಳುವುದು ಕ್ವಾಲಿಟಿ.

ಎರಡೂ ಸೊನ್ನೆಯಾದರೆ ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿ ಕೆಟ್ಟಿದೆ. ಹಂತ 3ಕ್ಕೆ ಹೋಗಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಸೆಟ್ಟಿಂಗು ತಪ್ಪಿದೆ, ಇಲ್ಲವೇ ಡಿಶ್ಶಿನ ಮುಖ ತಪ್ಪಿದೆ. ಎರಡೂ ಚೆನ್ನಾಗಿದ್ದು ಚಾನೆಲ್ ಮಾತ್ರ ಇಲ್ಲವೆಂದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಕೆಲಸ ಮುಗಿಯಿತು. ಕೆಲವು ಬಾಕ್ಸುಗಳು ಕೇಬಲ್ ಇಲ್ಲದೆಯೂ ಸುಳ್ಳೇ ಸ್ಟ್ರೆಂತ್ ತೋರಿಸುವುದುಂಟು. ಬಾಕ್ಸ್ ಆರಿಸಿ, ಕೇಬಲ್ ಬಿಚ್ಚಿ, ಮತ್ತೆ ಹಚ್ಚಿ ನೋಡಿದರೆ ಅದರ ಬಣ್ಣ ಬಯಲಾಗುತ್ತದೆ.

ಹಂತ 2: ಸೆಟ್ಟಿಂಗು

ಉಪಗ್ರಹದ ಹೆಸರು ಜಿಸ್ಯಾಟ್-15, ಜಾಗ 93.5 ಡಿಗ್ರಿ ಪೂರ್ವ. ಹಳೆಯ ಬಾಕ್ಸಿನಲ್ಲಿ ಇನ್ಸ್ಯಾಟ್-4ಬಿ ಎಂದಿದ್ದರೆ ಗಾಬರಿಯಾಗಬೇಡಿ, ಅದೂ ಇದ್ದದ್ದು ಅದೇ ಜಾಗದಲ್ಲೇ. ಯೂನಿವರ್ಸಲ್ ಎಲ್‌ಎನ್‌ಬಿಯಾದರೆ 9750–10600 ಆರಿಸಿ. ಡೈಸೆಕ್ ಎಂಬುದು ಹಲವು ಎಲ್‌ಎನ್‌ಬಿ ಇದ್ದವರಿಗೆ. ನೀವು ಆಫ್ ಮಾಡಿ.

ಹಂತ 3: ಕೇಬಲ್ಲಿನ ತುದಿ

ಬಾಕ್ಸಿನ ಪ್ಲಗ್ ಕಿತ್ತು, ಕನೆಕ್ಟರನ್ನು ತಿರುಗಿಸಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ತಾಮ್ರದ ಒಂಟಿ ತಂತಿ, ಅದರ ಸುತ್ತ ಬಿಳಿ ಫೋಮು ಕಾಣಬೇಕು. ಫೋಮಿನ ಮೇಲಿರುವ ಬೆಳ್ಳಿ ಹಾಳೆ, ಸಣ್ಣ ತಂತಿಗಳ ಬಲೆ ಎರಡೂ ಹಿಂದಕ್ಕೆ ಮಡಚಿರಬೇಕು, ಮುಂದಕ್ಕೆ ಇಣುಕಲೇಬಾರದು. ನನ್ನದರಲ್ಲಿ ಆ ಬಲೆಯ ಒಂದೇ ಒಂದು ಎಳೆ ಫೋಮನ್ನು ದಾಟಿ ಬಾಗಿ ತಾಮ್ರಕ್ಕೆ ಮುತ್ತಿಡುತ್ತಿತ್ತು. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಹೋಗುವುದು ಇದೇ ಕೇಬಲ್ಲಿನಲ್ಲಿ. ಎಳೆ ತಾಗಿತೋ ಶಾರ್ಟ್ ಆಯಿತು. ಬಾಕ್ಸು ತನ್ನನ್ನು ಉಳಿಸಿಕೊಳ್ಳಲು ಕರೆಂಟ್ ನಿಲ್ಲಿಸುತ್ತದೆ. ಮೇಲಿನ ಎಲ್‌ಎನ್‌ಬಿ ಸತ್ತಂತೆ.

ಎಳೆ ಕತ್ತರಿಸಿ. ತಾಮ್ರ ಕನೆಕ್ಟರಿನ ಬಾಯಿಂದ ಎರಡು ಮೂರು ಮಿಲಿಮೀಟರ್ ಹೊರಗಿದ್ದರೆ ಸರಿ. ಬ್ಲೇಡಿನಿಂದ ತಾಮ್ರವನ್ನು ಕೆರೆದಿದ್ದರೆ ಅದು ಅಲ್ಲೇ ಮುರಿಯುತ್ತದೆ, ಹೊಸ ತುದಿ ಮಾಡಿ. ಈಗ ತಾರಸಿಗೆ ಹೋಗಬಹುದು, ಆದರೆ ಅಲ್ಲಿನ ತುದಿಯನ್ನು ನೋಡಲು ಮಾತ್ರ. ತಾಮ್ರ ಕಪ್ಪಗೆ, ಹಸಿರಾಗಿ ಕಂಡರೆ ಮಳೆನೀರು ಇಳಿದಿದೆ. ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ.

ಹಂತ 4: ಈಗ ಡಿಶ್ಶಿಗೆ ಕೈಹಾಕಿ

ಮೊದಲು ನೆಟ್ಟ ಪೈಪು ನೆಟ್ಟಗಿದೆಯೇ ನೋಡಿ. ಅದೇ ವಾಲಿದ್ದರೆ ಮುಂದಿನ ಅಳತೆಗಳೆಲ್ಲ ಸುಳ್ಳು.

ಹೈದರಾಬಾದಿನಿಂದ ಈ ಉಪಗ್ರಹ ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 138 ಡಿಗ್ರಿಯಲ್ಲಿದೆ. ಅಂದರೆ ಆಗ್ನೇಯ, ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆಯ ಮೂಲೆ. ಕಾಚಿಗುಡದಲ್ಲಿ ನಿಂತು ನೋಡಿದರೆ ಹೆಚ್ಚುಕಡಿಮೆ ರಾಮೋಜಿ ಫಿಲ್ಮ್ ಸಿಟಿಯ ಕಡೆ. (2000ದಲ್ಲಿ ಈಟಿವಿ ಕನ್ನಡ ಶುರುವಾದದ್ದು ಆ ರಾಮೋಜಿಯವರ ಬಳಗದಿಂದಲೇ. ಕನ್ನಡಕ್ಕಾಗಿ ಈಗಲೂ ಅತ್ತಲೇ ಮುಖ ಮಾಡುತ್ತೇವಲ್ಲ ಎಂದು ನನಗೆ ನಗು ಬರುತ್ತದೆ.) ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಪೈಪಿನ ಪಕ್ಕ ಹಿಡಿದರೆ ದಿಕ್ಕು ತಪ್ಪುತ್ತದೆ, ನಾಲ್ಕು ಹೆಜ್ಜೆ ದೂರ ನಿಂತು ಹಿಡಿಯಿರಿ.

ಎತ್ತರ ಸುಮಾರು 63 ಡಿಗ್ರಿ. ಹೊಸಬರು ಎಡವುವುದು ಇಲ್ಲೇ. ಮನೆಯ ಡಿಶ್ಶಿನ ತಟ್ಟೆ ತಾನು ನೋಡುವ ಕಡೆಗೆ ನೇರ ಮುಖ ಮಾಡುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಡಿಗ್ರಿ ತಗ್ಗಿದಂತೆಯೇ ಕಾಣುತ್ತದೆ. ‘ಇಷ್ಟು ಕೆಳಗೆ ನೋಡುತ್ತಿದೆಯಲ್ಲಾ’ ಎಂದು ಮೇಲಕ್ಕೆತ್ತಿದಿರೋ, ಕೆಟ್ಟಿತು. ಕಣ್ಣನ್ನು ನಂಬಬೇಡಿ, ಹಿಂಬದಿಯ ಕ್ಲ್ಯಾಂಪಿನ ಮೇಲಿರುವ ಅಂಕೆಗಳಲ್ಲಿ 63 ಹಿಡಿದು ಶುರುಮಾಡಿ.

ಇಷ್ಟು ಎತ್ತರದ ಕೋನದಿಂದ ಒಂದು ಲಾಭವೂ ಇದೆ. ಡಿಶ್ಶಿಗಿಂತ 10 ಅಡಿ ಮೇಲೇಳುವ ಗೋಡೆ ಇದ್ದರೂ ಅದರಿಂದ ಆರೇಳು ಅಡಿ ದೂರ ಸರಿದರೆ ಅಡ್ಡವಾಗುವುದಿಲ್ಲ. ಪಕ್ಕದವರ ನೀರಿನ ಟ್ಯಾಂಕಿನೊಂದಿಗೆ ಜಗಳ ಬೇಕಿಲ್ಲ. ಬೇವಿನ ಕೊಂಬೆ ಮಾತ್ರ ನೋಡಿಕೊಳ್ಳಿ.

ಈಗ ಇಬ್ಬರು ಬೇಕು. ಒಬ್ಬರು ಟಿವಿ ಮುಂದೆ ವಿಡಿಯೋ ಕರೆ ಹಚ್ಚಿ ಪಟ್ಟಿ ತೋರಿಸಲಿ. ನಮ್ಮಲ್ಲಿ ಆ ಕೆಲಸ ರಾಯಚೂರು ಕಡೆಯ ನಮ್ಮತ್ತೆಯದು. ‘ಅತ್ತೀ, ಎಷ್ಟೈತ್ರಿ?’ ಎಂದರೆ, ‘ನೀ ತಡಿಯಪ್ಪ, ಹಂಗ್ಯಾಕ ಓಡ್ತಿ’ ಎನ್ನುತ್ತಾರೆ. ಅವರ ಮಾತೇ ಸರಿ. ಬಾಕ್ಸಿಗೆ ಸಿಗ್ನಲ್ ಗುರುತಿಸಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ನೀವು ಡಿಶ್ಶನ್ನು ಮುಂದೆ ತಳ್ಳಿರುತ್ತೀರಿ. ಎರಡು ಅಡಿಯ ಡಿಶ್ಶು ಒಂದೆರಡು ಡಿಗ್ರಿ ಸರಿದರೂ ಉಪಗ್ರಹ ಕೈತಪ್ಪುತ್ತದೆ. ಬೆರಳಗಲ ಸರಿಸಿ, ಐದೆಣಿಸಿ, ಕೇಳಿ. ಪೂರ್ವದಿಂದ ದಕ್ಷಿಣಕ್ಕೆ ಒಂದು ಸುತ್ತು ಮುಗಿದರೂ ಬರದಿದ್ದರೆ ಎತ್ತರವನ್ನು ಎರಡು ಡಿಗ್ರಿ ಬದಲಿಸಿ ಮತ್ತೊಂದು ಸುತ್ತು. ಕ್ವಾಲಿಟಿ ಒಮ್ಮೆ ಹತ್ತಿತೆಂದರೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಮೆಲ್ಲಗೆ ಹೊರಳಿಸಿ ಇನ್ನಷ್ಟು ಏರಿಸಿ.

1975ರ ಆಗಸ್ಟಿನಿಂದ ಒಂದು ವರ್ಷ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ ಉಪಗ್ರಹ ಟಿವಿಯ ಪ್ರಯೋಗ ನಡೆದಾಗ, ಕೋಳಿಬಲೆಯ 10 ಅಡಿ ಡಿಶ್ಶುಗಳನ್ನು ಹೀಗೇ ಆಕಾಶಕ್ಕೆ ಹಿಡಿದಿದ್ದರು. ನಮ್ಮದು ಎರಡೇ ಅಡಿ, ದೂರುವಂತಿಲ್ಲ.

ಹಂತ 5: ಬಿಗಿ ಮಾಡಿ, ಗುರುತು ಹಾಕಿ

ಬೋಲ್ಟ್ ಬಿಗಿಯುವಾಗಲೇ ಡಿಶ್ಶು ಕದಲುತ್ತದೆ. ಎರಡೂ ಬದಿ ಸ್ವಲ್ಪ ಸ್ವಲ್ಪವೇ ಬಿಗಿದು, ಪಟ್ಟಿ ಕೇಳುತ್ತಿರಿ. ಕನೆಕ್ಟರಿಗೆ ಟೇಪ್ ಸುತ್ತಿ. ಅದರ ಕೆಳಗೆ ಕೇಬಲ್ ಒಮ್ಮೆ ಜೋತು ಬಾಗಿ ಮೇಲೇರುವಂತೆ ಕಟ್ಟಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ಜೋರು ಮಳೆಯಲ್ಲಿ ಚಿತ್ರ ಹೋದರೆ, ಮಾರ್ಚ್ ಎರಡನೇ ವಾರದ ಸುಮಾರಿಗೆ ಮತ್ತು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬೆಳಗಿನ 11ರ ಆಸುಪಾಸು ಕೆಲವು ನಿಮಿಷ ಮಾಯವಾದರೆ, ಸ್ಪ್ಯಾನರ್ ಮುಟ್ಟಬೇಡಿ. ಮಾರ್ಚ್‌–ಅಕ್ಟೋಬರಿನದು ಸೂರ್ಯನ ಕೆಲಸ. ಉಪಗ್ರಹದ ಬೆನ್ನಿಗೇ ಬಂದು ನಿಂತು ತನ್ನ ಗದ್ದಲದಲ್ಲಿ ಅದರ ದನಿ ಅಡಗಿಸುತ್ತಾನೆ.

ಕೊನೆಗೆ, ಪರ್ಮನೆಂಟ್ ಮಾರ್ಕರಿನಿಂದ ಪೈಪಿನ ಮೇಲೂ ಕ್ಲ್ಯಾಂಪಿನ ಮೇಲೂ ಸೇರುವಂತೆ ಒಂದು ಗೆರೆ ಎಳೆಯಿರಿ, ಎತ್ತರದ ಅಂಕೆಯ ಪಕ್ಕ ಇನ್ನೊಂದು. ಸಂಕ್ರಾಂತಿಯ ಗಾಳಿಪಟದ ಮಾಂಜಾ ಸಿಕ್ಕಿ ಹುಡುಗರು ಜಗ್ಗಿದಾಗಲೋ, ಕೋತಿ ಕೂತು ಜೋಕಾಲಿಯಾಡಿ ಹೋದಾಗಲೋ, ಎರಡು ಗೆರೆ ಕೂಡಿಸಿದರೆ ಸಾಕು.