ಒಳಗೆ ಬಟ್ಟೆ ಬಿಡದ ಹೊಲಿಗೆ

ಶಾಲೆ ಶುರುವಾಗುವ ಮುಂಚೆ ಯೂನಿಫಾರ್ಮ್ ಹೊಲಿಸಲು ಹೋದಾಗ ನಮ್ಮಮ್ಮ ದರ್ಜಿಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದಳು: "ಬೆಳೆಯೋ ಹುಡುಗ, ಒಳಗೆ ಎರಡಿಂಚು ಬಟ್ಟೆ ಬಿಡಿ." ಮರುವರ್ಷ ಹೊಲಿಗೆ ಬಿಚ್ಚಿ ಪ್ಯಾಂಟು ಉದ್ದ ಮಾಡಿದಾಗ ಹಳೆಯ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಆದರೂ ಪ್ಯಾಂಟು ಇನ್ನೊಂದು ವರ್ಷ ನಡೆಯುತ್ತಿತ್ತು. "ಆ್ಯಪಲ್ ಲ್ಯಾಪ್‌ಟಾಪ್ ತಗೊಳ್ಳೋಣ ಅಂತಿದ್ದೀವಿ ಸರ್, ಅಷ್ಟು ದುಡ್ಡು ಕೊಡಬಹುದಾ?" ಎಂದು ಪೋಷಕರು ಕೇಳಿದಾಗಲೆಲ್ಲ ನನಗೆ ಆ ಎರಡಿಂಚು ಬಟ್ಟೆ ನೆನಪಾಗುತ್ತದೆ.

ಉತ್ತರಕ್ಕೆ ಮುಂಚೆ ಎರಡು ಪದಗಳ ಪರಿಚಯ ಬೇಕು. ಅದೇ ದರ್ಜಿಯ ಅಂಗಡಿಯನ್ನು ನೆನೆಯಿರಿ. ಗೋಡೆಯ ಬೀರುವಿನಲ್ಲಿ ಬಟ್ಟೆ ಜೋಡಿಸಿಟ್ಟಿದೆ. ಅಂಗಡಿ ಮುಚ್ಚಿದರೂ ಅದು ಅಲ್ಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಇದು ಸ್ಟೋರೇಜ್. ನಿಮ್ಮ ಫೋಟೋ, ಕಡತ, ತಂತ್ರಾಂಶ ಎಲ್ಲ ಇರುವ ಜಾಗ. ಕತ್ತರಿಸುವ ಮೇಜಿನ ಮೇಲಾದರೋ ಆ ಹೊತ್ತಿನ ಕೆಲಸದ ಬಟ್ಟೆ ಮಾತ್ರ ಹರಡಿರುತ್ತದೆ, ರಾತ್ರಿ ಮೇಜು ಖಾಲಿ. ಇದು ರ‍್ಯಾಮ್. ಮೇಜು ಚಿಕ್ಕದಾದರೆ ಒಂದು ಬಟ್ಟೆಯನ್ನು ಎತ್ತಿಟ್ಟು ಬಂದು ಇನ್ನೊಂದನ್ನು ಹರಡಬೇಕು. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಾಗ ಕಂಪ್ಯೂಟರ್ ತಡವರಿಸುವುದು ಬಹಳ ಸಲ ಇದೇ ಕಾರಣಕ್ಕೆ. ಎರಡನ್ನೂ ಗಿಗಾಬೈಟ್‌ಗಳಲ್ಲಿ, ಅಂದರೆ ಜಿಬಿಗಳಲ್ಲಿ ಅಳೆಯುತ್ತಾರೆ. ಅಂಗಡಿಯವರು 16/256 ಎಂದರೆ ಮೇಜು 16 ಜಿಬಿ, ಬೀರು 256 ಜಿಬಿ.

ಈಗ ಪ್ರಶ್ನೆ ಇಷ್ಟೇ: ಮುಂದೆ ಮೇಜು ಸಾಲದೆ ಬಂದರೆ ದೊಡ್ಡದನ್ನು ಹಾಕಿಸಬಹುದೇ?

2012ರ ಜೂನ್‌ನಲ್ಲಿ ಆ್ಯಪಲ್ ಒಂದೇ ದಿನ ಎರಡು ಬಗೆಯ ಮ್ಯಾಕ್‌ಬುಕ್ ಪ್ರೊಗಳನ್ನು ಹೊರತಂದಿತು. ಒಂದು ಹಳೆಯ ಮಾದರಿಯದು, ಸ್ವಲ್ಪ ದಪ್ಪ. ನನ್ನ ಬಳಿ ಇದ್ದದ್ದು ಅದೇ. ತಳದ ಹತ್ತು ಸ್ಕ್ರೂ ಬಿಚ್ಚಿದರೆ ರ‍್ಯಾಮ್, ಹಾರ್ಡ್ ಡಿಸ್ಕ್, ಬ್ಯಾಟರಿ ಎಲ್ಲ ಕಣ್ಣೆದುರಿಗೆ. 4 ಜಿಬಿ ರ‍್ಯಾಮ್‌ನೊಂದಿಗೆ ಬಂದ ಆ ಯಂತ್ರಕ್ಕೆ ಮೊದಲು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಎರಡು ಪಟ್ಟಿ ರ‍್ಯಾಮ್ ಹಾಕಿ 16 ಮಾಡಿದೆ. ಎರಡು ವರ್ಷ ಬಿಟ್ಟು ಗರಗರ ಎನ್ನುತ್ತಿದ್ದ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಸ್ಟೋರೇಜಾದ ಎಸ್‌ಎಸ್‌ಡಿ ಕೂರಿಸಿದೆ. ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡೇ ಇದನ್ನೆಲ್ಲ ಮಾಡಿದ್ದು. ರ‍್ಯಾಮ್ ಎಂದರೇನೆಂದು ಬೋರ್ಡಿನ ಮೇಲೆ ಬರೆದು ಹೇಳಿದ್ದಕ್ಕಿಂತ ಆ ಪಟ್ಟಿ ಟಕ್ಕೆಂದು ಕೂತ ಸದ್ದಿನಿಂದ ಅವರಿಗೆ ಹೆಚ್ಚು ತಿಳಿಯಿತು.

ಅದೇ ದಿನ ಬಂದ ಇನ್ನೊಂದು ರೆಟಿನಾ ಪರದೆಯದು. ತೆಳುವಾಗಿತ್ತು, ಅದರ ಪರದೆ ಕಂಡವರು ಮಾರುಹೋಗುತ್ತಿದ್ದರು. ಆದರೆ ರ‍್ಯಾಮನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದರು, ಬ್ಯಾಟರಿಯನ್ನು ಅಂಟಿನಿಂದ ಕೂರಿಸಿದ್ದರು. ಉಪಕರಣಗಳನ್ನು ಬಿಚ್ಚಿ ನೋಡಿ ರಿಪೇರಿಗೆ ಎಷ್ಟು ಸುಲಭವೆಂದು ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಇದಕ್ಕೆ ಕೊಟ್ಟದ್ದು ಹತ್ತಕ್ಕೆ ಒಂದು. ಕ್ರಮೇಣ ಗೆದ್ದದ್ದು ಈ ಎರಡನೆಯ ದಾರಿಯೇ. ಇಂದಿನ ಯಾವ ಮ್ಯಾಕ್‌ಬುಕ್‌ನಲ್ಲೂ ರ‍್ಯಾಮ್ ಬದಲಿಸಲಾಗದು. ಬೇರೆ ಕಂಪನಿಗಳ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೂಡ, ಉದಾಹರಣೆಗೆ ಡೆಲ್ ಎಕ್ಸ್‌ಪಿಎಸ್ 13 ಅಥವಾ ಲೆನೊವೊ ಎಕ್ಸ್1 ಕಾರ್ಬನ್‌ನಲ್ಲಿ, ರ‍್ಯಾಮ್ ಬೆಸುಗೆಯದೇ.

ಈ ಎಳೆದಾಟ ಆ್ಯಪಲ್‌ನಷ್ಟೇ ಹಳೆಯದು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ 1977ರ ಆ್ಯಪಲ್ 2 ಕಂಪ್ಯೂಟರಿನಲ್ಲಿ, ಹೊಸ ಕಾರ್ಡುಗಳನ್ನು ಸೇರಿಸಲೆಂದೇ ಎಂಟು ಸ್ಲಾಟ್ ಇಟ್ಟಿದ್ದರು. 1984ರಲ್ಲಿ ಸ್ಟೀವ್ ಜಾಬ್ಸ್ ಮುಂದೆ ನಿಂತು ತಂದ ಮ್ಯಾಕಿಂಟಾಷ್‌ನಲ್ಲಿ ಅಂಥ ಒಂದು ಸ್ಲಾಟೂ ಇರಲಿಲ್ಲ. ಅದರ 128 ಕೆಬಿ (ಕಿಲೋಬೈಟ್) ಮೆಮೊರಿ, ಅಂದರೆ ರ‍್ಯಾಮ್, ಬೇಗನೆ ಸಾಲದಾಗುತ್ತದೆಂದು ಬೋರ್ಡ್ ವಿನ್ಯಾಸ ಮಾಡಿದ ಬರೆಲ್ ಸ್ಮಿತ್‌ಗೆ ಗೊತ್ತಿತ್ತು. ಆತ ಒಂದಿಷ್ಟು ಗೆರೆಗಳನ್ನು ಹೆಚ್ಚಾಗಿ ಎಳೆದು, ಬೆಸುಗೆ ಬಲ್ಲವರು ದೊಡ್ಡ ಚಿಪ್ ಹಾಕಿ 512 ಕೆಬಿ ಮಾಡಿಕೊಳ್ಳಲು ದಾರಿ ಬಿಟ್ಟಿದ್ದ. ಒಳಗೆ ಎರಡಿಂಚು ಬಟ್ಟೆ ಬಿಟ್ಟ ದರ್ಜಿ ಆತ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿಯೇ 512 ಕೆಬಿಯ ಮ್ಯಾಕ್ ಮಾರತೊಡಗಿತು.

ಹಾಗಾದರೆ ಬೆಸುಗೆ ಎನ್ನುವುದು ಬರೀ ದುಡ್ಡಿನಾಸೆಯೇ? ಹಾಗೆಂದುಬಿಡುವುದು ಸುಲಭ, ಆದರೆ ರ‍್ಯಾಮ್ ವಿಷಯದಲ್ಲಿ ಅದು ಅನ್ಯಾಯವಾಗುತ್ತದೆ. 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನಿಂದೀಚೆಗೆ ಆ್ಯಪಲ್ ರ‍್ಯಾಮನ್ನು ಚಿಪ್‌ನ ಮಗ್ಗುಲಲ್ಲೇ ಕೂರಿಸುತ್ತದೆ. ಲೆಕ್ಕ ಮಾಡುವ ಭಾಗ, ಚಿತ್ರ ಮೂಡಿಸುವ ಭಾಗ ಎರಡೂ ಒಂದೇ ಮೇಜನ್ನು ಹಂಚಿಕೊಳ್ಳುತ್ತವೆ. ದಾರಿ ಗಿಡ್ಡವಾದಷ್ಟೂ ವಿದ್ಯುತ್ ಕಡಿಮೆ ಸಾಕು, ಮಾಹಿತಿಯೂ ವೇಗವಾಗಿ ಹರಿಯುತ್ತದೆ. ಎರಡು ಸ್ಲಾಟಿನಲ್ಲಿ ಡಿಡಿಆರ್5 ರ‍್ಯಾಮ್ ಪಟ್ಟಿ ಹಾಕಿದ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೆ ಸುಮಾರು 90 ಜಿಬಿ ಓಡಾಡಿದರೆ ಎಂ4 ಚಿಪ್‌ನಲ್ಲಿ 120, 2021ರ ಎಂ1 ಮ್ಯಾಕ್ಸ್‌ನಲ್ಲಿ 400. ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ, ಗ್ರಾಹಕರೇ ಪ್ರತಿ ಭಾಗವನ್ನೂ ಬದಲಿಸಿಕೊಳ್ಳಬಹುದಾದ ಲ್ಯಾಪ್‌ಟಾಪ್‌ಗಳಿಗೇ ಹೆಸರಾದದ್ದು. 2025ರಲ್ಲಿ ಎಎಂಡಿಯ ದೊಡ್ಡ ಚಿಪ್ ಬಳಸಿ ಡೆಸ್ಕ್‌ಟಾಪ್ ಮಾಡಹೊರಟಾಗ ಅದು ಕೂಡ, ಇದೇ ವೇಗದ ಕಾರಣ ಕೊಟ್ಟು, ರ‍್ಯಾಮನ್ನು ಬೆಸೆಯಬೇಕಾಯಿತು.

ಸ್ಟೋರೇಜಿಗೆ ಈ ಸಮರ್ಥನೆ ಇಲ್ಲ. ಮೇಲೆ ಹೇಳಿದ ಡೆಲ್, ಲೆನೊವೊಗಳ ಹೆಚ್ಚಿನ ಮಾದರಿಗಳಲ್ಲಿ ಎಸ್‌ಎಸ್‌ಡಿ ಬದಲಿಸಬಹುದು. ಆ್ಯಪಲ್‌ನ ಪುಟ್ಟ ಡೆಸ್ಕ್‌ಟಾಪ್ ಆದ 2024ರ ಮ್ಯಾಕ್ ಮಿನಿಯಲ್ಲಿ ಕೂಡ ಸ್ಟೋರೇಜ್ ಬೇರೆ ತುಂಡಾಗಿಯೇ ಕೂತಿದೆ, ಆದರೆ ಅದರ ಆಕಾರ ಆ್ಯಪಲ್‌ನದೇ, ಪೇಟೆಯ ಎಸ್‌ಎಸ್‌ಡಿ ಅಲ್ಲಿ ಕೂರದು. ಮ್ಯಾಕ್‌ಬುಕ್ ಏರ್‌ನಲ್ಲಿ ಅದನ್ನೂ ಬೆಸೆದಿದ್ದಾರೆ. ಬೋರ್ಡ್ ಕೆಟ್ಟರೆ ಡಿಸ್ಕನ್ನು ಬಿಚ್ಚಿಕೊಂಡು ಹೋಗಿ ಬೇರೆ ಯಂತ್ರದಲ್ಲಿ ಓದಿಸುವ ದಾರಿಯೂ ಮುಚ್ಚಿತು. ಆದ್ದರಿಂದ ಯಾವ ಮ್ಯಾಕ್ ಕೊಂಡರೂ ಅದೇ ದಿನ ಬ್ಯಾಕಪ್‌ಗೊಂದು ಹೊರಗಿನ ಡಿಸ್ಕ್ ಕೊಳ್ಳಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು.

ಈಗ ದುಡ್ಡಿನ ಮಾತು. 2024ರ ಅಕ್ಟೋಬರ್‌ನಲ್ಲಿ ಎಂ4 ಚಿಪ್‌ನ ಮ್ಯಾಕ್ ಮಿನಿ 59,900 ರೂಪಾಯಿಗೆ ಬಂತು: 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. ಪರದೆ, ಕೀಬೋರ್ಡ್ ನಮ್ಮವು. ಆ ಬೆಲೆಗೆ ಅದು ಒಳ್ಳೆಯ ಯಂತ್ರ, ಇದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ 256ರ ಬದಲು 512 ಬೇಕೆಂದರೆ 20,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ರ‍್ಯಾಮ್ 16ರ ಬದಲು 24 ಬೇಕೆಂದರೆ ಮತ್ತೆ 20,000. ಆ ದಿನಗಳಲ್ಲಿ ಪೇಟೆಯಲ್ಲಿ 1,000 ಜಿಬಿಯ ಒಳ್ಳೆಯ ಎಸ್‌ಎಸ್‌ಡಿ ಹತ್ತು ಸಾವಿರದೊಳಗೆ ಸಿಗುತ್ತಿತ್ತು. ಆಮೇಲೆ ಮೆಮೊರಿ ಚಿಪ್‌ಗಳ ಬೆಲೆ ಎಲ್ಲ ಕಡೆಯೂ ಏರಿದೆ, ನಿಜ. ಆದರೂ 256 ಜಿಬಿ ಹೆಚ್ಚಿಗೆ ಇಪ್ಪತ್ತು ಸಾವಿರ ಎಂಬುದು ತಯಾರಿಕೆಯ ಖರ್ಚಿಗೆ ಕೊಡುವ ಬೆಲೆಯಲ್ಲ, ಬೇರೆ ದಾರಿ ಇಲ್ಲದ್ದಕ್ಕೆ ತೆರುವ ದಂಡ. ಕೆಳಗಿನ ಮೆಟ್ಟಿಲಿನ ಮ್ಯಾಕ್ ಬೆಲೆಗೆ ತಕ್ಕದ್ದು, ಮೇಲೇರಿದಷ್ಟೂ ನಷ್ಟ ನಮ್ಮದು ಎನ್ನುವುದು ನನ್ನ ಲೆಕ್ಕ.

ಇದರಿಂದ ಹೊಸಬರಿಗೆ ಒಂದು ಉಪಾಯ ಸಿಗುತ್ತದೆ. ಮೇಜು ಮುಂದೆಂದೂ ಬೆಳೆಯದು. ಬೀರು ಸಾಲದಾದರೆ ಯುಎಸ್‌ಬಿ ತಂತಿಯಲ್ಲಿ ಹೊರಗೊಂದು ಬೀರು ಸೇರಿಸಬಹುದು. ಹೆಚ್ಚಿಗೆ ಹಣ ಹಾಕಲೇಬೇಕೆಂದಿದ್ದರೆ ರ‍್ಯಾಮ್‌ಗೆ ಹಾಕಿ. ಹಳೆಯ 8 ಜಿಬಿ ಮಾದರಿಯನ್ನು ರಿಯಾಯಿತಿಯಲ್ಲಿ ಕೊಡುತ್ತೇವೆಂದು ಅಂಗಡಿಯವರು ಕರೆದರೆ ಬೇಡವೆನ್ನಿ. ಆ್ಯಪಲ್ ತಾನೇ 2024ರ ಕೊನೆಯಲ್ಲಿ ಮ್ಯಾಕ್‌ಬುಕ್ ಏರ್‌ಗೆ ಬೆಲೆ ಏರಿಸದೆ 16 ಜಿಬಿ ಕೊಡತೊಡಗಿತು.

ಕೊಟ್ಟ ದುಡ್ಡಿಗೆ ಬರುವುದೂ ಇದೆ. ಏರ್‌ನಲ್ಲಿ ಫ್ಯಾನ್ ಇಲ್ಲ, ಸದ್ದಿಲ್ಲ. ಕರೆಂಟು ಹೋಗಿಬರುವ ಊರಿನಲ್ಲಿ ದಿನವಿಡೀ ನಡೆಯುವ ಬ್ಯಾಟರಿಯ ಬೆಲೆ ಏನೆಂದು ಹಳ್ಳಿಯಲ್ಲಿ ಕೂತು ಕೆಲಸ ಮಾಡುವವರಿಗೆ ಗೊತ್ತು. ಹಳೆಯದಾದ ಮೇಲೂ ಮಾರಿದರೆ ಒಳ್ಳೆಯ ಮೊತ್ತ ಬರುತ್ತದೆ. ಆದರೆ ಬಾಳಿಕೆಗೆ ಬ್ರ್ಯಾಂಡಿನ ಹೆಸರೊಂದೇ ಭರವಸೆಯಲ್ಲ. 2020ರ ಮಾರ್ಚ್‌ನಲ್ಲಿ ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್ ಏರ್ ಬಂತು, ಅದೇ ನವೆಂಬರ್‌ನಲ್ಲಿ ಎಂ1ನದು. 2025ರ ಕಾರ್ಯಾಚರಣಾ ತಂತ್ರಾಂಶವಾದ ಮ್ಯಾಕ್‌ಓಎಸ್ ಟಾಹೋ ಎರಡನೆಯದರಲ್ಲಿ ನಡೆಯುತ್ತದೆ, ಮೊದಲನೆಯದರಲ್ಲಿ ಇಲ್ಲ. ಹೆಸರು ಒಂದೇ, ನಡುವಿನ ಅಂತರ ಎಂಟು ತಿಂಗಳು.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಯೂನಿಕೋಡ್ ಕನ್ನಡ ಮ್ಯಾಕ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಕೀಲಿಮಣೆ, ಅಕ್ಷರ ಎರಡೂ ಜೊತೆಗೇ ಬರುತ್ತವೆ. ಆದರೆ ನುಡಿ, ಬರಹ ತಂತ್ರಾಂಶಗಳು ಬೆಳೆದದ್ದು ವಿಂಡೋಸ್‌ನಲ್ಲಿ. ಹಳೆಯ ಆಸ್ಕಿ ಅಕ್ಷರಗಳ ಕಡತಗಳೊಂದಿಗೆ ದಿನ ಕಳೆಯುವ ಡಿಟಿಪಿಯವರಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಮ್ಯಾಕ್ ತೊಡಕೇ. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳಬಹುದಿತ್ತು, ಎಂ1ರಿಂದೀಚೆಗೆ ಆ ಸೌಲಭ್ಯ ಹೋಯಿತು.

ಮೊನ್ನೆ ಬಂದಿದ್ದ ತಾಯಿಯೊಬ್ಬರ ಮಗಳು ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ್ದಾಳೆ. ಮುಂದೆ ಯಾವ ವಿಷಯ ಹಿಡಿಯುತ್ತಾಳೋ ಅವಳಿಗೇ ಗೊತ್ತಿಲ್ಲ. ಇಂಥವರಿಗೆ ಒಳಗೆ ಬಟ್ಟೆ ಬಿಟ್ಟ ಹೊಲಿಗೆಯೇ ಸರಿ ಎಂದೆ. ಬರವಣಿಗೆ, ಸಂಪಾದನೆಯಂಥ ಒಂದೇ ಹದದ ಕೆಲಸವನ್ನು ಆರೇಳು ವರ್ಷ ಮಾಡುವವರು ಕೇಳಿದ್ದರೆ ಏರ್ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಅಂಗಡಿಗೆ ಹೋದಾಗ ಬಣ್ಣ, ತೂಕ ಆಮೇಲೆ ನೋಡಿ, ಮೊದಲು ವಿವರಪಟ್ಟಿಯಲ್ಲಿ ಮೆಮೊರಿ ಎಂಬ ಸಾಲು ಹುಡುಕಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲಿ ಆನ್‌ಬೋರ್ಡ್ ಅಥವಾ ಸೋಲ್ಡರ್ಡ್ ಎಂದಿದ್ದರೆ ಬೆಸುಗೆ. ಸೋಡಿಮ್ ಸ್ಲಾಟ್ ಎಂದಿದ್ದರೆ ಬದಲಿಸಬಹುದು, ಎಷ್ಟು ಸ್ಲಾಟ್ ಖಾಲಿ ಇದೆ ಎಂದೂ ಕೇಳಬೇಕು. ಮಗಳು ಚೀಟಿ ಓದಿ, "ಸರ್, ಅದನ್ನ ನಾನೇ ಬಿಚ್ಚಿ ಹಾಕಬಹುದಾ?" ಎಂದಳು. ಮೇಜಿನ ಖಾನೆಯಿಂದ ನನ್ನ ಚಿಕ್ಕ ಸ್ಕ್ರೂಡ್ರೈವರ್ ತೆಗೆದು ಅವಳ ಕೈಗಿಟ್ಟೆ.